ನಾನು ನೋಡದೆ ನೋಡಿಬಂದ ಮಾರಿಷಸ್

ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ಚೆನ್ನಾಗಿದೆಯೋ ಕೆಟ್ಟಿದೆಯೋ ನಾನು ಹೇಳಬಲ್ಲೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕಸುಬಿನವರಿಗೆಲ್ಲ ಈ ವಿದ್ಯೆ ಬರುತ್ತದೆ. ಅದಕ್ಕಾಗಿ ಹೆಮ್ಮೆಪಡುವವನು ಮಾತ್ರ ನಾನೊಬ್ಬನೇ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದನ್ನೂ ಪೂರ್ತಿ ಓದಲಿಲ್ಲ. ಹೀಗಾಗಿ ನನ್ನ ಬುದ್ಧಿಯ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ.

ನನ್ನ ತಂಗಿ ವನಜಾ ಹಾಗಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು. ಏನನ್ನೇ ಆಗಲಿ ಎರಡು ಸಲ ಕೇಳಿ ತಿಳಿದುಕೊಳ್ಳುವ ಸ್ವಭಾವ. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ಅವಳನ್ನು ಸಾಕಿದ್ದು ನಾನು ಮತ್ತು ನನ್ನ ಹೆಂಡತಿ ನಂಜಮ್ಮ. ನಂಜಮ್ಮ ಸಾಕಿದಳು, ನಾನು ಜೊತೆಗಿದ್ದೆ.

ಊರಿಗೆ ಕರೆಂಟು ಬಂದು ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ, ಆಗ ಚಿಂತಾಮಣಿಯಿಂದ ವನಜಾಳಿಗೆ ಒಂದು ಸಂಬಂಧ ಬಂತು. ಹುಡುಗನ ಹೆಸರು ವೆಂಕಟೇಶ. ಲೆಕ್ಕದ ಮೇಷ್ಟ್ರು. ಕೆಲಸ ಮಾರಿಷಸ್ ಎಂಬ ದೇಶದಲ್ಲಿ. ಆ ಹೆಸರನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ವನಜಾ ಶಾಲೆಯಿಂದ ಭೂಪಟದ ಪುಸ್ತಕ ತಂದು ಸಮುದ್ರದ ನಡುವೆ ಒಂದು ಚುಕ್ಕೆಯನ್ನು ತೋರಿಸಿದಳು.

"ಇದಾ? ಇದು ನೊಣ ಕೂತು ಗಲೀಜು ಮಾಡಿರೋದು ಕಣೇ" ಎಂದು ನಂಜಮ್ಮ ಉಗುರಿನಿಂದ ಕೆರೆದಳು. ದೇಶ ಹೋಯಿತು.

ನಮ್ಮ ಸೋದರಮಾವ ಪಿಳ್ಳಪ್ಪನವರು ಕಳವಾರದವರು. ಬಳಗದ ಯಾವ ಹೆಣ್ಣನ್ನು ಕೊಡಬೇಕಾದರೂ ಗಂಡಿನ ಮನೆ ನೋಡಿ ಬರುವವರು ಅವರೇ. ಅವರು ಬಾವಿಗೆ ಕಲ್ಲು ಹಾಕಿ ಸದ್ದು ಕೇಳುತ್ತಿದ್ದರು. ಹುಲ್ಲಿನ ಬಣವೆಗೆ ಮೊಣಕೈವರೆಗೆ ಕೈ ತೂರಿಸಿ, ಒಳಗಿನ ಹುಲ್ಲು ಕೊಳೆತಿದೆಯೇ ನೋಡುತ್ತಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತನ್ನು ಯಾರಿಗೂ ಕಾಣದಂತೆ ಬಿಚ್ಚಿ ಬಿಡುತ್ತಿದ್ದರು. ತೋರಿಕೆಗೆಂದು ಎರವಲು ತಂದ ಎತ್ತಾದರೆ ಅದು ಸೀದಾ ತನ್ನ ಮನೆಗೆ ಹೊರಡುತ್ತದೆ. ಹೀಗೆ ಒಂದು ಒಳ್ಳೆಯ ಸಂಬಂಧವೇ ಎತ್ತಿನ ಹಿಂದೆ ನಡೆದು ಹೋದದ್ದುಂಟು.

"ಚಿಂತಾಮಣಿ ಮನೆ ನೋಡಾಯ್ತು, ಚೆನ್ನಾಗದೆ" ಎಂದರು ಮಾವ. "ಆದ್ರೆ ಹುಡುಗಿ ಬಾಳೋದು ಅಲ್ಲಲ್ಲ. ಬಾಳೋ ಕಡೆ ನೋಡ್ದೆ ಎಲೆ ಅಡಿಕೆ ಬದಲಾಯ್ಸಕ್ಕಾಗಲ್ಲ."

ಹುಡುಗನ ತಂದೆ ಕೈಮುಗಿದರು. "ಪಿಳ್ಳಪ್ಪಾ, ಅದು ಸಮುದ್ರದಾಚೆ ಐತಪ್ಪಾ. ನೀವು ಹಡಗಲ್ಲಿ ಹೋಗಿ ಬಣವೆಗೆ ಕೈ ಹಾಕಿ ಬರೋ ಹೊತ್ಗೆ ನಮ್ಮ ಹುಡುಗನ ರಜಾ ಮುಗಿದು ಹೋಗ್ತದೆ."

ಕೊನೆಗೆ ಒಂದು ರಾಜಿಯಾಯಿತು. ಆ ದೇಶದಲ್ಲಿ ಬಹಳ ವರ್ಷ ಕೆಲಸ ಮಾಡಿ ಬಂದ ಹಿರಿಯರೊಬ್ಬರು ಬೆಂಗಳೂರಿನ ಬಸವನಗುಡಿಯಲ್ಲಿದ್ದರು. ನಮ್ಮ ಕಡೆಯವರೊಬ್ಬರು ಹೋಗಿ ಅವರ ಬಾಯಿಂದ ಎಲ್ಲ ಕೇಳಿಕೊಂಡು ಬಂದರೆ ಮನೆ ನೋಡಿದಂತೆಯೇ ಲೆಕ್ಕ. ಮಾವನಿಗೆ ರೈಲಿನಲ್ಲಿ ತಲೆ ಸುತ್ತುತ್ತದೆ. ಎಲ್ಲರೂ ನನ್ನ ಕಡೆ ನೋಡಿದರು. ವನಜಾ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಅಣ್ಣ, ನೀನು ಕೇಳಿಕೊಂಡು ಬಂದು ಏನು ಹೇಳ್ತೀಯೋ ಅದೇ ನಂಗೆ ಕೊನೇ ಮಾತು" ಎಂದು, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ನನ್ನ ಜೇಬಿಗಿಟ್ಟಳು.

ಗೂಡಿನೊಳಗಿನ ಹುಳುವನ್ನೇ ಹೇಳುವವನು ಒಂದು ದೇಶವನ್ನು ಹೇಳಲಾರನೇ? ನಾನು ಒಗೆದ ಪಂಚೆ ಉಟ್ಟು ಹೊರಟೆ.

ಶಿಡ್ಲಘಟ್ಟದಿಂದ ಬೆಂಗಳೂರಿಗೆ ಆಗ ಚಿಕ್ಕ ರೈಲು. ಅದು ಎಷ್ಟು ನಿಧಾನವೆಂದರೆ, ಹೋಗುತ್ತಿರುವಾಗಲೇ ಇಳಿದು ಬೀಡಿ ಹಚ್ಚಿಕೊಂಡು ಮತ್ತೆ ಹತ್ತಬಹುದು ಎನ್ನುವವರಿದ್ದರು. ಆ ಮಾತನ್ನು ನಾನು ನಂಬಿದ್ದೆ.

ನಂದಿಯಲ್ಲಿ ರೈಲು ನಿಂತಿತು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬೇಡಿ ಎಂದು ನಂಜಮ್ಮ ಹೇಳಿ ಕಳಿಸಿದ್ದಳು. ಹೆಂಗಸೊಬ್ಬಳು ದ್ರಾಕ್ಷಿ ಬುಟ್ಟಿಗಳನ್ನು ಇಟ್ಟುಕೊಂಡು ಕೂತಿದ್ದಳು. ಕೊಳ್ಳುವ ಮುಂಚೆ ಹುಳಿಯೋ ಸಿಹಿಯೋ ನೋಡಬೇಕಲ್ಲ? ತಂಗಿಯ ಬಾಳಿನ ಪ್ರಶ್ನೆ. ಮೊದಲನೇ ಬುಟ್ಟಿಯಿಂದ ಒಂದು ತಿಂದೆ. ಸಂದೇಹ ಬಂತು. ಇನ್ನೊಂದು ತಿಂದೆ. ಎರಡನೇ ಬುಟ್ಟಿಗೆ ಹೋದೆ. ಮೂರನೆಯದಕ್ಕೆ ಕೈ ಹಾಕಿದಾಗ ಆಕೆ, "ಏನಪ್ಪಾ, ಕೊಳ್ಳಕ್ಕೆ ಬಂದ್ಯೋ, ಊಟಕ್ಕೆ ಬಂದ್ಯೋ?" ಎಂದಳು. ಆಕೆಗೆ ತಕ್ಕ ಉತ್ತರ ಕೊಡಬೇಕೆಂದು ಯೋಚಿಸುತ್ತಿದ್ದಾಗ ರೈಲು ಹೊರಟಿತು. ದುಡ್ಡು ಎಸೆದು, ಒಂದು ಬುಟ್ಟಿ ಎತ್ತಿಕೊಂಡು ರೈಲಿನ ಹಿಂದೆ ಓಡಿದೆ.

ರೈಲು ಅಷ್ಟೇನೂ ನಿಧಾನವಲ್ಲ.

ಇಲ್ಲಿಯವರೆಗೆ ನಡೆದದ್ದು ದುರದೃಷ್ಟ. ಮುಂದಿನದು ನನ್ನ ಪಾಪ. ದೊಡ್ಡ ರಸ್ತೆಯವರೆಗೆ ನಡೆದಿದ್ದರೆ ಬೆಂಗಳೂರಿಗೆ ಬಸ್ಸು ಸಿಗುತ್ತಿತ್ತು. ಅದು ನನಗೆ ಗೊತ್ತಿತ್ತು. ಐದು ನಿಮಿಷ ನೆರಳಲ್ಲಿ ಕೂತು ಹೋಗೋಣವೆಂದು ಬೇವಿನ ಮರದ ಕೆಳಗೆ ಕೂತೆ. ಬಿಸಿಲಿಗೆ ಹಣ್ಣು ಕೆಟ್ಟುಹೋಗುತ್ತದೆ ಎಂಬ ಕಾಳಜಿಯಿಂದ ತಿನ್ನತೊಡಗಿದೆ. ಬುಟ್ಟಿ ಹಗುರವಾಯಿತು, ಕಣ್ಣು ಭಾರವಾಯಿತು. ಎಚ್ಚರವಾದಾಗ ಹೊತ್ತು ಇಳಿಯುತ್ತಿತ್ತು. ಪಕ್ಕದಲ್ಲಿ ದೊಡ್ಡ ಮೀಸೆಯ ಮನುಷ್ಯನೊಬ್ಬ ಕೂತು ನನ್ನ ಬುಟ್ಟಿಯ ಕೊನೆಯ ಗೊಂಚಲನ್ನು ತಿನ್ನುತ್ತಿದ್ದ.

"ಎಲ್ಲಿಗೋ ಹೊರಟಂಗದೆ?" ಎಂದ.

ವಿಷಯ ಹೇಳಿದೆ. ಅವನು ನಕ್ಕ. ಯುದ್ಧದ ಕಾಲದಲ್ಲಿ ಸಿಪಾಯಿಯಾಗಿ ಬರ್ಮಾದಲ್ಲಿ ಇದ್ದವನಂತೆ. "ಅದಕ್ಯಾಕೆ ಬೆಂಗಳೂರಿಗೆ ಹೋಗ್ತೀಯ? ಸಮುದ್ರ ದಾಟಿದ್ಮೇಲೆ ಎಲ್ಲ ದೇಶಾನೂ ಒಂದೇ. ನನ್ನ ಕೇಳು."

ಕೇಳೋಣವೆಂದು ವನಜಾಳ ಚೀಟಿ ತೆಗೆದೆ. ದ್ರಾಕ್ಷಿ ರಸಕ್ಕೆ ನೆನೆದು ಇಂಕೆಲ್ಲ ಹರಡಿತ್ತು. ಒಂದಕ್ಷರವೂ ಉಳಿದಿರಲಿಲ್ಲ. ಆದ್ದರಿಂದ ಅವನು ಹೇಳಿದ್ದನ್ನೇ ಕೇಳಿಕೊಂಡೆ. ಆನೆಗಳು ಮರದ ದಿಮ್ಮಿ ಎಳೆಯುತ್ತವೆ. ಗೋಪುರಗಳಿಗೆ ಬಂಗಾರ ಬಳಿದಿದ್ದಾರೆ. ದೋಣಿಯಲ್ಲಿ ಸಂತೆ ನಡೆಯುತ್ತದೆ. ಸೊಳ್ಳೆ, ಜಿಗಣೆ, ಚಳಿಜ್ವರ. ಸೊಳ್ಳೆ, ಜಿಗಣೆ, ಚಳಿಜ್ವರಗಳನ್ನು ನಾನು ಬಿಟ್ಟೆ, ಉಳಿದದ್ದನ್ನು ಇಟ್ಟುಕೊಂಡೆ. ಇದನ್ನು ಸುಳ್ಳೆಂದು ನಾನು ತಿಳಿಯಲಿಲ್ಲ. ಗೂಡಿನಲ್ಲೂ ಕೆಟ್ಟದ್ದನ್ನು ಆರಿಸಿ ತೆಗೆಯುತ್ತೇವಲ್ಲ, ಹಾಗೆ.

ಸಂಜೆಯ ರೈಲಿನಲ್ಲಿ ಊರಿಗೆ ಬಂದೆ. ಎಲ್ಲರೆದುರು ನಿಜ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಗಟ್ಟಿ ಮನಸ್ಸು ಮಾಡಿದ್ದೆ. ಬಾಗಿಲಲ್ಲಿ ನೋಡಿದರೆ ಮಾವ ಬಂದು ಕೂತಿದ್ದಾರೆ. ಅಕ್ಕಪಕ್ಕದವರು ಸೇರಿದ್ದಾರೆ. ನಂಜಮ್ಮ ಒಬ್ಬಟ್ಟು ಮಾಡಿದ್ದಾಳೆ. ಒಬ್ಬಟ್ಟಿನ ವಾಸನೆಗೆ ನನ್ನ ಮನಸ್ಸು ಮೆತ್ತಗಾಯಿತು.

"ನೀರು?" ಎಂದರು ಮಾವ.

"ಸುತ್ತಲೂ ನೀರೇ, ಮಾವ. ಯಾವತ್ತೂ ಬತ್ತಿಲ್ವಂತೆ." ಆ ದಿನ ನಾನು ಹೇಳಿದ ಒಂದೇ ನಿಜ ಅದು.

"ನಮ್ಮ ಬಾವಿ ಸಂಕ್ರಾಂತಿಗೇ ತಳ ಕಾಣ್ತದೆ" ಎಂದು ಮಾವ ತಲೆದೂಗಿದರು. "ದನ?"

"ಆನೆ."

ಮಾವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಬಿಚ್ಚಿ ನೋಡಿದ್ರಂತಾ?"

"ಆನೆ ಎರವಲು ಕೊಡೋರು ಯಾರೂ ಇಲ್ಲ, ಮಾವ."

"ಅದೂ ಸರಿ. ಉಣ್ಣಕ್ಕೆ? ರಾಗಿ ಅದಾ?"

ಸಿಪಾಯಿ ರಾಗಿಯ ವಿಷಯ ಎತ್ತಿರಲಿಲ್ಲ. ಆದರೆ ರಾಗಿ ಇಲ್ಲದ ದೇಶಕ್ಕೆ ಮಾವ ಹೆಣ್ಣು ಕೊಡುವವರಲ್ಲ. "ಅದೆ. ಕೈಯಗಲ ತೆನೆ" ಎಂದೆ. ಸಿಪಾಯಿಯದಲ್ಲದ, ನನ್ನದೇ ಆದ ಮೊದಲನೇ ಸುಳ್ಳು ಅದು. ಆಮೇಲೆ ಸರಾಗವಾಯಿತು. ಅಲ್ಲಿನ ಹವಾ ನಂದಿಬೆಟ್ಟದ ಮೇಲಿನ ಹವಾ, ಆದರೆ ಬೆಟ್ಟ ಹತ್ತುವ ಕಷ್ಟವಿಲ್ಲ. ಗೋಪುರಗಳೆಲ್ಲ ಬಂಗಾರದವು. ತರಕಾರಿ ದೋಣಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ.

ಪಕ್ಕದ ಮನೆಯ ಬಾಷಾ ಸಾಬರು ನನ್ನ ಹಾಗೆಯೇ ನೂಲು ಬಿಚ್ಚುವವರು. "ಹಿಪ್ಪುನೇರಳೆ ಐತಾ ನಾರಾಣಪ್ಪ?" ಎಂದರು.

"ನಮ್ಮ ಥರ ಗಿಡ ಅಲ್ಲ, ಸಾಬ್ರೆ. ಮರ! ಏಣಿ ಹಾಕಿ ಸೊಪ್ಪು ಕೀಳ್ತಾರೆ."

ಬಾಷಾ ಸಾಬರು ಮೆಲ್ಲಗೆ ಗೋಡೆಗೆ ಒರಗಿ ಕೂತುಬಿಟ್ಟರು.

ನಂಜಮ್ಮ ಮಾತ್ರ ನನ್ನ ಪಂಚೆಯನ್ನೇ ನೋಡುತ್ತಿದ್ದಳು. "ರೀ, ಮಾರಿಷಸ್ಸಲ್ಲಿ ದ್ರಾಕ್ಷಿನೂ ಬೆಳೀತಾರಾ? ಪಂಚೆ ತುಂಬಾ ಕಲೆ ಆಗಿದೆಯಲ್ಲ."

"ಬಸವನಗುಡಿ ಯಜಮಾನ್ರು ಬಲವಂತ ಮಾಡಿ ತಿನ್ನಿಸಿದ್ರು ಕಣೇ."

"ಮಡಿಲಲ್ಲಿ ಕೂರಿಸ್ಕೊಂಡು ತಿನ್ನಿಸಿದ್ರಾ?" ಎಂದು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದೆ. ವನಜಾ ಬಂದು ಚೊಂಬಿನಿಂದ ನೀರು ಹಾಕುತ್ತಾ ನಿಂತಳು.

"ಅಣ್ಣ, ಆನೆ ಗೋಪುರ ಎಲ್ಲ ಇರ್ಲಿ. ಚೀಟೀಲಿ ಕೊನೇಗೆ ಒಂದು ಬರೆದಿದ್ದೆನಲ್ಲ, ಅದಕ್ಕೇನಂದ್ರು?"

"ಯಾವುದು?"

"ಅಲ್ಲಿ ನಮ್ಮ ಮಾತಾಡೋರು ಇದ್ದಾರಾ ಅಂತ. ಮಿಕ್ಕಿದ್ದೆಲ್ಲ ಹೆಂಗಾದ್ರೂ ಆಗ್ತದೆ. ಅವರು ಸ್ಕೂಲಿಗೆ ಹೋದ್ಮೇಲೆ ದಿನವೆಲ್ಲ ಬಾಯಿ ಮುಚ್ಕೊಂಡು ಇರೋದು ಅಂದ್ರೆ ನಂಗೆ ಭಯ ಅಣ್ಣ."

ನನ್ನ ಕಾಲ ಮೇಲೆ ನೀರು ಬೀಳುತ್ತಲೇ ಇತ್ತು. ಆಗ ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು.

"ಬೇಕಾದಷ್ಟು ಜನ ಇದ್ದಾರಂತೆ. ಬೀದಿಗಿಬ್ರು ಮೂವರು" ಎಂದೆ.

ಅವಳ ಮುಖ ಅರಳಿತು. "ಹಂಗಾದ್ರೆ ನಂಗೆ ಒಪ್ಪಿಗೆ" ಎಂದಳು. ಊರಿಗೆಲ್ಲ ಹೇಳಿದ ಸುಳ್ಳು ನನಗೆ ಭಾರವಾಗಲಿಲ್ಲ. ಈ ಒಂದು ಮಾತ್ರ ಹಲ್ಲಿನ ಸಂದಿಯಲ್ಲಿ ದ್ರಾಕ್ಷಿ ಬೀಜದಂತೆ ಸಿಕ್ಕಿಕೊಂಡಿತು.

ಮುಂದಿನ ಎರಡು ವಾರ ಊರಿನಲ್ಲಿ ನನಗೆ ದೊರೆತ ಮರ್ಯಾದೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಕ್ಷೌರದಂಗಡಿಯಲ್ಲಿ ಕುರ್ಚಿ ಬಿಟ್ಟುಕೊಡುತ್ತಿದ್ದರು. ಗೂಡಿನ ಮಂಡಿಯಲ್ಲಿ ಹರಾಜು ನಿಲ್ಲಿಸಿ ಆನೆಯ ವಿಷಯ ಕೇಳುತ್ತಿದ್ದರು. ಕೇಳುವವರಿಗೆ ಬೇಸರವಾಗಬಾರದೆಂದು ನಾನು ಆ ದೇಶವನ್ನು ದಿನದಿನಕ್ಕೆ ಅಭಿವೃದ್ಧಿಪಡಿಸಿದೆ. ಮೊದಲನೇ ವಾರದ ಕೊನೆಗೆ ಅಲ್ಲಿ ಮೂರು ನದಿಗಳಿದ್ದವು. ಎರಡನೇ ವಾರದಲ್ಲಿ ಮಾವಿನ ಮರ ವರ್ಷಕ್ಕೆರಡು ಸಲ ಫಲ ಕೊಡತೊಡಗಿತು. ಜೀವನದಲ್ಲಿ ಒಮ್ಮೆಯಾದರೂ ನೋಡಲೇಬೇಕಾದ ದೇಶ ಎಂದು ನಾನು ಎಷ್ಟು ಸಲ ಹೇಳಿದೆನೆಂದರೆ, ನನಗೇ ನೋಡುವ ಆಸೆ ಹುಟ್ಟಿತು.

ಬಾಷಾ ಸಾಬರು ನೂಲಿನ ಚರಕವನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿ ಇಟ್ಟರು. ಹಡಗಿನಲ್ಲಿ ಅದಕ್ಕೆ ಬೇರೆ ಟಿಕೆಟ್ಟು ಬೇಕೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ.

ಆಮೇಲೆ ವೆಂಕಟೇಶ ರಜೆಯ ಮೇಲೆ ಬಂದರು. ಹುಡುಗಿ ನೋಡುವ ಶಾಸ್ತ್ರಕ್ಕೆ ತಂದೆಯ ಜೊತೆ ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತರು. ತೆಳ್ಳಗಿನ, ಕಪ್ಪನೆಯ, ಕನ್ನಡಕದ ಮನುಷ್ಯ. ನಾನು ಬೇಗ ಎಲೆ ಅಡಿಕೆ ಬದಲಾಯಿಸಿ ಮುಗಿಸಿಬಿಡೋಣವೆಂದು ತಟ್ಟೆ ಮುಂದಿಟ್ಟೆ. ಮಾವ ಅದನ್ನು ಪಕ್ಕಕ್ಕೆ ಸರಿಸಿದರು.

"ಇರೋ, ಏನವಸರ? ವೆಂಕಟೇಶಪ್ಪಾ, ನಿಮ್ಮ ದೇಶಾನ ನಾವೇನು ಸುಮ್ನೆ ಒಪ್ಪಿಲ್ಲ. ಎಲ್ಲ ಕೂಲಂಕಷ ವಿಚಾರಿಸಿದ್ದೀವಿ. ಹೇಳೋ ನಾರಾಯಣ!"

"ಅವರಿಗೆ ಗೊತ್ತಿರೋದೇ ಅಲ್ವಾ ಮಾವ..."

"ಹೇಳೋ ಅಂದ್ರೆ."

ಹೇಳಿದೆ. ಆನೆ, ಬಂಗಾರದ ಗೋಪುರ, ದೋಣಿ ಸಂತೆ, ಕೈಯಗಲ ರಾಗಿ ತೆನೆ. ದನಿ ಇಳಿದಾಗಲೆಲ್ಲ ಮಾವ "ಜೋರಾಗಿ" ಎನ್ನುತ್ತಿದ್ದರು. ಮರೆತದ್ದನ್ನು ಬಾಗಿಲಲ್ಲಿ ನಿಂತ ಬಾಷಾ ಸಾಬರು ನೆನಪಿಸುತ್ತಿದ್ದರು. "ಮೂರು ನದಿ ಬಿಟ್ರಲ್ಲ, ನಾರಾಣಪ್ಪ."

ವೆಂಕಟೇಶ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾಲ್ಕು ವರ್ಷದಿಂದ ಅಲ್ಲಿದ್ದೀನಿ. ಇಷ್ಟೆಲ್ಲ ಇರೋದು ನಂಗೆ ಗೊತ್ತಿರ್ಲಿಲ್ಲ" ಎಂದರು. ಸ್ವಲ್ಪ ಯೋಚಿಸಿ, "ಕೇಳಿದ್ರೆ ಬರ್ಮಾ ಇದ್ದಂಗದೆ" ಎಂದು ಸೇರಿಸಿದರು.

ಅಷ್ಟರಲ್ಲಿ ಕಾಫಿ ತಂದ ವನಜಾ ತಟ್ಟೆ ಕೆಳಗಿಟ್ಟು ಒಳಗೆ ಹೋಗದೆ ಅಲ್ಲೇ ನಿಂತಳು. "ಒಂದು ಮಾತು ಕೇಳ್ಬೋದಾ? ಅಲ್ಲಿ ಕನ್ನಡ ಮಾತಾಡೋರು ಎಷ್ಟು ಜನ ಇದ್ದಾರೆ?"

"ನಂಗೆ ಗೊತ್ತಿರೋ ಹಾಗೆ ಈಗ ನಾನೊಬ್ಬ" ಎಂದರು ವೆಂಕಟೇಶ. "ನೀವು ಬಂದ್ರೆ ಇಬ್ರು."

ವನಜಾ ನನ್ನ ಕಡೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ನೋಡಿದಳು. ನಾನು ನೆಲ ನೋಡಿಕೊಂಡು ರೈಲು, ದ್ರಾಕ್ಷಿ, ಬೇವಿನ ಮರ, ನಿದ್ದೆ, ಸಿಪಾಯಿ ಎಲ್ಲವನ್ನೂ ಹೇಳಿದೆ. ಬಸ್ಸು ಇತ್ತು ಎಂಬುದನ್ನೂ ಹೇಳಿದೆ. ಕೊನೆಗೆ, "ಒಳ್ಳೇ ದೇಶ ಅಂತ ಗೊತ್ತಾದ್ರೆ ತಂಗಿ ದೂರ ಹೋಗ್ಬಿಡ್ತಾಳಲ್ಲ ಅಂತ ಕಾಲೇ ಏಳ್ಲಿಲ್ಲ" ಎಂದೆ. ಹೇಳುವಾಗ ಅದು ನಿಜವೆಂದೇ ಅನ್ನಿಸಿತು.

"ಅದೆಲ್ಲ ಏನಿಲ್ಲ" ಎಂದಳು ನಂಜಮ್ಮ ಒಳಗಿನಿಂದ. "ದ್ರಾಕ್ಷಿ."

ಮಾವ ನನ್ನ ಕಡೆ ಬೆರಳು ತೋರಿಸಿದರು. "ನೀನು ಎತ್ತಿಗಿಂತ ಕಡೆ ಕಣೋ. ಬಿಚ್ಚಿ ಬಿಟ್ರೆ ಅದು ಮನೆಗಾದ್ರೂ ಹೋಗ್ತದೆ." ಆಮೇಲೆ ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಸಂಬಂಧ ಮುರಿದಂತೆಯೇ ಎಂದು ಎಲ್ಲರಿಗೂ ತಿಳಿಯಿತು.

"ಕೂತ್ಕೊಳ್ಳಿ ಮಾವ" ಎಂದಳು ವನಜಾ. "ನೋಡಿಬಂದೋರು ಎದುರಿಗೇ ಇದ್ದಾರಲ್ಲ, ಅವರನ್ನೇ ಕೇಳಣ."

ವೆಂಕಟೇಶ ಹೇಳಿದರು. ಮೊದಲು ಕೆಟ್ಟದ್ದನ್ನು ಹೇಳಿದರು. "ಬಿರುಗಾಳಿ ಬರ್ತದೆ. ಸಾಮಾನ್ಯ ಗಾಳಿ ಅಲ್ಲ. ಬಾಗಿಲಿಗೆ ಹಲಗೆ ಹೊಡೆದು ಒಳಗೆ ಕೂರಬೇಕು. ಒಂದ್ಸಲ ನಮ್ಮ ಮನೆ ಚಾವಣಿ ತಗಡು ಹಾರ್ಕೊಂಡು ಹೋಯ್ತು."

"ಸಿಕ್ತಾ?" ಎಂದರು ಮಾವ, ನಿಂತುಕೊಂಡೇ.

"ಇಲ್ಲ. ಬೇರೆ ಯಾರದೋ ನಮ್ಮ ಅಂಗಳಕ್ಕೆ ಬಂತು."

ಮಾವ ಕೂತರು.

"ಚಿಕ್ಕ ದೇಶ. ಬೆಳಿಗ್ಗೆ ಒಂದು ತುದಿ ಬಿಟ್ರೆ ಮಧ್ಯಾಹ್ನದ ಊಟಕ್ಕೆ ಇನ್ನೊಂದು ತುದಿ. ಎಲ್ಲಿ ನೋಡಿದ್ರೂ ಕಬ್ಬು. ಆನೆ ಇಲ್ಲ, ರಾಗಿ ಇಲ್ಲ. ವಿಷದ ಹಾವೂ ಇಲ್ಲ. ಹೊಲದ ನಡುವೆ ಕರೀ ಕಲ್ಲಿನ ಗುಡ್ಡೆಗಳಿದಾವೆ, ಹಿಂದೆ ಕೂಲಿಗೆ ಅಂತ ಹೋದ ನಮ್ಮ ಜನ ಕೈಯಲ್ಲಿ ಆರಿಸಿ ಹಾಕಿದ್ದು. ಸಮುದ್ರದಲ್ಲಿ ಸೊಂಟದ ತನಕ ನಿಂತ್ರೂ ಕಾಲ ಬೆರಳು ಎಣಿಸ್ಬೋದು, ನೀರು ಹಂಗದೆ. ಒಂದು ಕಡೆ ಮಣ್ಣೇ ಏಳು ಬಣ್ಣ. ಕಲಸಿಟ್ರೂ ಮತ್ತೆ ಬೇರೆ ಬೇರೆ ಆಗ್ತದೆ ಅಂತಾರೆ. ಬಣ್ಣ ನಾನು ನೋಡಿದ್ದೀನಿ. ಬೇರೆ ಆಗೋದು ನೋಡಿಲ್ಲ." ಆಮೇಲೆ ವನಜಾಳ ಕಡೆ ನೋಡಿದರು. "ನಮ್ಮ ಬೀದೀಲಿ ಒಬ್ರು ತೆಲುಗು 'ಅವ್ವ' ಇದ್ದಾರೆ, ವಯಸ್ಸಾದೋರು. ಅವರ ತಾತ ಹಡಗಲ್ಲಿ ಬಂದೋರಂತೆ. ನನ್ನ ಕಂಡ್ರೆ ಹಿಡಿದು ನಿಲ್ಲಿಸಿ, 'ಊರು ಎಲಾ ಉಂದಿ ನಾಯನಾ?' ಅಂತಾರೆ, ಊರು ಹೆಂಗದೆ ಮಗಾ ಅಂತ. ಯಾವ ಊರು ಅಂತ ಅವರಿಗೂ ಗೊತ್ತಿಲ್ಲ. ಚೆನ್ನಾಗಿದೆ ಅಂತೀನಿ."

ಆ ಮುದುಕಿಯ ಮಾತು ಕೇಳಿ ಮಾವ ಟವೆಲಿನಿಂದ ಮೂಗು ಒರೆಸಿಕೊಂಡರು.

"ಗಾಳಿ ಬಂದಾಗ ಒಳಗೆ ಕೂತು ಏನು ಮಾಡ್ತೀರಾ?" ಎಂದು ವನಜಾ ಕೇಳಿದಳು.

"ಮಾತಾಡಕ್ಕೆ ಯಾರೂ ಇರಲ್ವಲ್ಲ. ಮಕ್ಕಳ ಲೆಕ್ಕದ ಪುಸ್ತಕ ತಿದ್ತೀನಿ. ಹೋದ್ಸಲ ತಿದ್ದಿದ್ದನ್ನೇ ಮತ್ತೆ ತಿದ್ದಿದೆ."

ವನಜಾ ತಟ್ಟೆಯನ್ನು ತಾನೇ ಎತ್ತಿ ಮಾವನ ಮುಂದಿಟ್ಟಳು. "ಬದಲಾಯ್ಸಿ ಮಾವ." ಮನೆಯ ಹುಡುಗಿ ಹೀಗೆ ಹೇಳಿದ್ದು ನಮ್ಮ ಬಳಗದಲ್ಲಿ ಅದೇ ಮೊದಲು. ಬಾಷಾ ಸಾಬರು ನಿಟ್ಟುಸಿರು ಬಿಟ್ಟು ಚರಕ ಜೋಡಿಸಲು ಮನೆಗೆ ಹೋದರು. ಆಮೇಲೆ ಆರು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ.

ಮದುವೆಯಾಯಿತು. ಇಬ್ಬರೂ ಹಡಗು ಹತ್ತಿ ಹೋದರು. ಕೆಲವು ತಿಂಗಳಾದ ಮೇಲೆ ವನಜಾಳ ಕಾಗದ ಬಂತು. ದೇಶ ಚೆನ್ನಾಗಿದೆ, ಮನೆಯವರು ಒಳ್ಳೆಯವರು, ಒಂದು ಬಿರುಗಾಳಿ ಆಯಿತು, ತಗಡು ಉಳಿಯಿತು ಎಂದು ಬರೆದಿದ್ದಳು. ಕೆಳಗೆ: "ಹಗಲು ಮಾತ್ರ ಬಹಳ ಉದ್ದ. ಅಣ್ಣ, ಉದ್ದಕ್ಕೆ ಕಾಗದ ಬರೆಯುತ್ತಿರು. ಮನೆಯ ಮಾತು ಕೇಳಿದ ಹಾಗಾಗುತ್ತದೆ."

ನಾನು ಬಾಗಿಲು ಹಾಕಿಕೊಂಡು ಒಂದು ಇಡೀ ಭಾನುವಾರ ಕೂತು ಎರಡು ಪುಟ ಬರೆದೆ. ಈ ಸಲ ತಂಗಿಗೆ ಒಂದಕ್ಷರವೂ ಸುಳ್ಳು ಬರೆಯಬಾರದೆಂದು ಶಪಥ ಮಾಡಿದ್ದೆ. ಎಮ್ಮೆಯ ಆರೋಗ್ಯ ಬರೆದೆ. ಹಿತ್ತಲ ಗೋಡೆಯ ಉದ್ದ ಅಗಲವನ್ನು ಅಳೆದು ಬರೆದೆ. ಯಾವ ದಿನ ಮಳೆ ಬರಲಿಲ್ಲ ಎಂಬುದನ್ನು ಒಂದೊಂದಾಗಿ ಬರೆದೆ.

ಎರಡು ತಿಂಗಳಿಗೆ ಉತ್ತರ ಬಂತು. ನಾಲ್ಕೇ ಸಾಲು.

"ಅಣ್ಣನಿಗೆ ನಮಸ್ಕಾರ. ನಿನ್ನ ಕಾಗದ ಓದಿದೆ. ಎಲ್ಲ ನಿಜವಿರಬೇಕು. ಓದುತ್ತಾ ನಿದ್ದೆ ಬಂತು. ಮುಂದಿನ ಕಾಗದ ಅತ್ತಿಗೆ ಕೈಯಲ್ಲಿ ಬರೆಸು."

ನಂಜಮ್ಮನಿಗೆ ಅಕ್ಷರ ಬರುವುದಿಲ್ಲ. ಅದು ವನಜಾಳಿಗೆ ಚೆನ್ನಾಗಿ ಗೊತ್ತು.

ಈಗ ತಿಂಗಳಿಗೊಮ್ಮೆ ನಂಜಮ್ಮ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಾ ಹೇಳುತ್ತಾಳೆ, ನಾನು ಬರೆಯುತ್ತೇನೆ. ನಮ್ಮ ಎಮ್ಮೆ ಪಿಳ್ಳಪ್ಪ ಮಾವನ ರುಮಾಲು ತಿಂದ ಕಥೆ, ಬಾಷಾ ಸಾಬರ ಮನೆ ಬೆಕ್ಕು ನನ್ನನ್ನು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬಂದ ಕಥೆ. "ಇದು ಯಾವಾಗ ನಡೀತೇ?" ಎಂದು ಪೆನ್ನು ನಿಲ್ಲಿಸಿದರೆ, "ನೀವು ಸುಮ್ನೆ ಬರೀರಿ" ಎನ್ನುತ್ತಾಳೆ. ಬರೆಯುತ್ತೇನೆ. ಕಾಗದವನ್ನು ಅಲ್ಲಿ ಗಂಡ ಹೆಂಡತಿ ಇಬ್ಬರೂ ಮೂರು ಮೂರು ಸಲ ಓದಿ ನಗುತ್ತಾರಂತೆ. ಅಲ್ಲಿಂದ ಪ್ರತಿ ಸಲವೂ ತಪ್ಪದೆ ಹೊಗಳಿಕೆ ಬರುತ್ತದೆ.

ನಂಜಮ್ಮನಿಗೆ. ನನ್ನ ಅಕ್ಷರ ಸ್ವಲ್ಪ ದುಂಡಗಾಗಬೇಕಂತೆ.